ಅಮ್ಮಾವ್ರ ಸೀಟು

“ಕೀ ಇಲ್ಲಿ ಕೊಡಿ ಉದೋಮಣ್ಣ. ನಾನು ಓಡಿಸ್ತೀನಿ, ನೀವು ಹಿಂದೆ ಕೂತ್ಕೊಳ್ಳಿ,” ಎಂದು ಮೆಕ್ಯಾನಿಕ್ ಪಿಕುನ್ ಕೈ ಚಾಚಿದಳು.

ಉದೋಮ್ ಕೊಡಲಿಲ್ಲ. ಇಪ್ಪತ್ತೊಂಬತ್ತು ವರ್ಷ ಈ ಕಪ್ಪು ಜರ್ಮನ್ ಕಾರನ್ನು ಓಡಿಸಿದ್ದಾನೆ, ತೊಳೆದಿದ್ದಾನೆ, ಮಗುವಿನ ಮುಖ ಒರೆಸಿದಂತೆ ಒರೆಸಿದ್ದಾನೆ. ಹಿಂದಿನ ಸೀಟಿನಲ್ಲಿ ಮಾತ್ರ ಒಂದು ದಿನವೂ ಕೂತವನಲ್ಲ. ಅದು ಅಮ್ಮಾವ್ರ ಜಾಗ. ಆ ಅಮ್ಮಾವ್ರು, ಎಂಬತ್ತರ ಹತ್ತಿರದ ರಚ್ಚನಿಯಮ್ಮ, ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೀಸಣಿಗೆ ಆಡಿಸುತ್ತ ಇಬ್ಬರನ್ನೂ ನೋಡುತ್ತಿದ್ದರು.

“ಸದ್ದು ಕೇಳೋದು ಅವರಿಗೆ. ನಿಮಗೆ ಕೇಳಲ್ಲ ಅಂತೀರಿ,” ಎಂದಳು ಪಿಕುನ್. “ಅಂದ್ಮೇಲೆ ಅವರು ಕೂರೋ ಕಡೆ ಕೂತು ಕೇಳ್ಬೇಕು ತಾನೆ?”

“ಕೊಡೋ ಕೀನ,” ಎಂದರು ಅಮ್ಮಾವ್ರು. “ಮುದುಕಿ ಕಿವಿಯೊಳಗೇ ಸಿಳ್ಳೆ ಹೊಡೀತಿದೆ ಅಂತ ನೀನೂ ಅಂದ್ಕೊಂಡಿದೀಯ. ನಂಗೊತ್ತಿಲ್ವ? ಬಾ, ಕೂತು ಕೇಳು.”

ಉದೋಮ್‌ನ ಮುಖ ಕೆಂಪಾಯಿತು. ಅವನು ಅಂದುಕೊಂಡಿದ್ದು ಅದನ್ನೇ. ಮೂರು ತಿಂಗಳಿಂದ ಇದೇ ಗೋಳು: ವೇಗ ತೊಂಬತ್ತು ದಾಟಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ, ಹಿಂದೆ ಗಾಳಿ ಕೂಗುತ್ತದೆ. ಲಂಪಾಂಗ್‌ನಿಂದ ಚಿಯಾಂಗ್ ಮಾಯ್‌ನ ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಅಮ್ಮಾವ್ರಿಗೆ ತಲೆ ಸಿಡಿಯುತ್ತದೆ. ಶನಿವಾರ ಕಾರು ಕೊಳ್ಳುವ ಗಿರಾಕಿಯನ್ನು ಕರೆತರುತ್ತೇನೆ ಎಂದಿದ್ದ ಅವರ ತಮ್ಮನ ಮಗ, “ಕಾರಿಗೂ ವಯಸ್ಸಾಯ್ತು, ಡ್ರೈವರಿಗೂ ವಯಸ್ಸಾಯ್ತು” ಎಂದು ಉದೋಮ್‌ನ ಎದುರಿಗೇ ನಕ್ಕಿದ್ದ. ಕಾರು ಹೋದರೆ ತಾನೂ ಆ ಮನೆಯಿಂದ ಹೋದಂತೆಯೇ ಎಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇವತ್ತು ಗುರುವಾರ.

ನಡುಕದ ಗುಟ್ಟು ಬೆಳಿಗ್ಗೆಯೇ ರಟ್ಟಾಗಿತ್ತು. ಮುಂದಿನ ಚಕ್ರದ ಅಂಚಿಗೆ ತೂಕ ಸರಿದೂಗಿಸಲು ಬಡಿದಿದ್ದ ಬೆರಳಗಲದ ಸೀಸದ ತುಂಡು ಎಲ್ಲೋ ಬಿದ್ದುಹೋಗಿತ್ತು. ಪಿಕುನ್ ಹೊಸದು ಹಾಕಿದ್ದಳು. ಉಳಿದದ್ದು ಸಿಳ್ಳೆ.

ಉದೋಮ್ ಕೀ ಕೊಟ್ಟ. ಹಿಂದಿನ ಸೀಟಿನ ಮೇಲೆ ಮೊದಲು ತನ್ನ ಟವೆಲು ಹಾಸಿದ. ಆಮೇಲೆ ಅಂಚಿಗೆ ಕೂತು, ಆಚೆ ಬದಿಯಲ್ಲಿ ಬಂದು ಕೂತ ಅಮ್ಮಾವ್ರ ತಲೆಗಿಂತ ತನ್ನ ತಲೆ ಮೇಲಾಗದಂತೆ ಕುಗ್ಗಿ ಕುಗ್ಗಿ ಕೆಳಗೆ ಜಾರಿದ.

“ಅಷ್ಟು ಕೆಳಗಿದ್ರೆ ನಿನ್ನ ಮಂಡಿ ಲಟಕ್ ಅನ್ನೋದೇ ಕೇಳ್ಸೋದು. ನೆಟ್ಟಗೆ ಕೂರು,” ಎಂದು ಅಮ್ಮಾವ್ರು ಗದರಿದರು.

ಇಬ್ಬರನ್ನೂ ಒಳಗೆ ಕೂರಿಸಿ, ಗಾಳಿ ಎಲ್ಲಿಂದ ನುಗ್ಗುತ್ತಿದೆಯೆಂದು ಪತ್ತೆ ಹಚ್ಚಲು ಪಿಕುನ್ ಹೊರಗಿನಿಂದ ಬಾಗಿಲು, ಗಾಜು, ಕನ್ನಡಿ ಎನ್ನದೆ ಸಂದಿ ಕಂಡಲ್ಲೆಲ್ಲ ಕಾಗದದ ಟೇಪು ಮೆತ್ತಿದಳು. ಹೆದ್ದಾರಿಯಲ್ಲಿ ಕಾರು ತೊಂಬತ್ತು ಮುಟ್ಟಿತು. ಸದ್ದಿಲ್ಲ. ರಸ್ತೆ ಬದಿಗೆ ನಿಲ್ಲಿಸಿ ಒಂದು ಪಟ್ಟಿ ಕಿತ್ತಳು, ಮತ್ತೆ ಓಡಿಸಿದಳು. ಇನ್ನೊಂದು ಕಿತ್ತಳು, ಓಡಿಸಿದಳು. ನಾಲ್ಕು ಸಲವೂ ಸದ್ದಿಲ್ಲ. ಐದನೆಯದು ಅಮ್ಮಾವ್ರ ಬಾಗಿಲ ಮೇಲಂಚಿನ ಪಟ್ಟಿ. ಅದನ್ನು ಕಿತ್ತು ಮತ್ತೆ ತೊಂಬತ್ತು ಮುಟ್ಟಿದ್ದೇ ತಡ, ಸೀಽಽ ಎಂದು ಸಣ್ಣ ಸಿಳ್ಳೊಂದು ನೇರ ಉದೋಮ್‌ನ ಕಿವಿಗೆ ಬಂದು ಇರಿಯಿತು.

ಮೂರು ತಿಂಗಳು ಇದನ್ನು ತಡೆದುಕೊಂಡರೇ ಎಂದುಕೊಂಡು ಅವನು ಅವರತ್ತ ತಿರುಗಿ ಕೈಮುಗಿದ. “ಕೇಳ್ತು ಅಮ್ಮಾವ್ರೇ. ತಪ್ಪಾಯ್ತು.”

ಪಿಕುನ್ ಕಾರು ನಿಲ್ಲಿಸಿ ಬಂದು ಬಾಗಿಲು ತೆರೆದು ಮೇಲಿನ ರಬ್ಬರಿನುದ್ದಕ್ಕೂ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. ಸ್ಕ್ರೂಡ್ರೈವರಿನ ತುದಿಯಿಂದ ಮೀಟಿದಾಗ ಬಿಳಿ ಹತ್ತಿಯ ದಾರವೊಂದು ಈಚೆ ಬಂತು. ಎಳೆದಷ್ಟೂ ಬಂತು. “ಇದನ್ನ ಯಾವ ಪುಣ್ಯಾತ್ಮ ಇಲ್ಲಿ ತುರುಕಿದ್ದು? ಇದರಿಂದಲೇ ರಬ್ಬರು ಎದ್ದು ಗಾಳಿ ನುಗ್ತಾ ಇದೆ!”

ಉದೋಮ್‌ಗೆ ಆ ದಾರದ ಗುರುತು ಸಿಕ್ಕಿತು. ಮೂರು ತಿಂಗಳ ಹಿಂದೆ ಅಮ್ಮಾವ್ರು ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಅವನೇ ಬೌದ್ಧ ವಿಹಾರಕ್ಕೆ ಓಡಿ, ಭಿಕ್ಷುಗಳು ಮಂತ್ರಿಸಿ ಕೊಟ್ಟ ದಾರ ತಂದು, ತಮ್ಮನ ಮಗ ಕಂಡರೆ ಆಡಿಕೊಳ್ಳುತ್ತಾನೆಂದು ಅವರ ತಲೆಯ ನೇರಕ್ಕೆ ಮೇಲಿನ ರಬ್ಬರಿನೊಳಗೇ ಅಡಗಿಸಿಟ್ಟಿದ್ದ.

“ನಾನೇ ಅಮ್ಮಾವ್ರೇ. ನಿಮ್ಮನ್ನ ಕಾಯ್ಲಿ ಅಂತ…”

ಅಮ್ಮಾವ್ರು ಅವನನ್ನೇ ದಿಟ್ಟಿಸಿದರು. ಆಮೇಲೆ ಹೊಟ್ಟೆ ಕುಲುಕುವಷ್ಟು ನಕ್ಕರು. “ಕಾಯ್ತೋ ಇಲ್ವೋ, ಕಣ್ಣು ಮುಚ್ಚೋಕಂತೂ ಬಿಡ್ಲಿಲ್ಲ ಕಣೋ!”

“ಎಸೀಬೇಡಿ ಅಮ್ಮಾವ್ರೇ, ಮಂತ್ರಿಸಿದ್ದು.”

“ಎಸೆಯೋರ್ಯಾರು? ಕೈ ಕೊಡು.” ಅವರು ದಾರವನ್ನು ಅವನ ಮಣಿಕಟ್ಟಿಗೆ ಸುತ್ತಿ, ತುಟಿಯಲ್ಲೇ ಏನೋ ಹರಸುತ್ತ ಗಂಟು ಹಾಕಿದರು. “ಇದು ನಿನ್ನ ಕಾಯ್ಲಿ. ನೀನು ನನ್ನ ಕಾಯಿ. ಆಮೇಲೆ, ಶನಿವಾರ ನಾವು ಊರಲ್ಲಿರಲ್ಲ ಅಂತ ಅವನಿಗೆ ಫೋನ್ ಮಾಡು. ಸಮುದ್ರ ನೋಡ್ಬೇಕು ನಾನು.”

“ಇಲ್ಲಿಂದ ಸಮುದ್ರಕ್ಕೆ ಹತ್ತು ಗಂಟೆ ದಾರಿ, ಅಮ್ಮಾವ್ರೇ.”

“ಗೊತ್ತು. ಅದಕ್ಕೇ ಹೇಳಿದ್ದು.”

ಪಿಕುನ್ ರಬ್ಬರನ್ನು ಒತ್ತಿ ಕೂರಿಸಿದಳು. ಹಿಂದಿರುಗುವಾಗ ಉದೋಮ್ ಓಡಿಸಿದ, ಅವಳು ಪಕ್ಕದಲ್ಲಿ ಕೂತಳು. ಕಣಿವೆಯ ದೇವರಗುಡಿಯ ಮುಂದೆ ಎಂದಿನಂತೆ ನಮಸ್ಕಾರವೆಂದು ಮೂರು ಸಲ ಹಾರ್ನ್ ಹೊಡೆದರೂ ಹಿಂದಿನ ಸೀಟಿನ ಗೊರಕೆ ನಿಲ್ಲಲಿಲ್ಲ. ತೊಂಬತ್ತು. ನೂರು. ಉದೋಮ್ ಸ್ಟೀರಿಂಗ್ ಮೇಲಿದ್ದ ತನ್ನ ಕೈ ನೋಡಿಕೊಂಡ. ಮಣಿಕಟ್ಟಿನಿಂದ ಇಳಿಬಿದ್ದ ದಾರದ ತುದಿ ಒಂದಿಷ್ಟೂ ಅಲುಗುತ್ತಿರಲಿಲ್ಲ.