ಕಪಾಟಿನ ಜಾಡಿ

ಕತ್ತಲ ಕಪಾಟಿನಿಂದ ತೆಗೆದ ಜಾಡಿಯ ನೀರೂ ತಿಳಿಯಾಗಿತ್ತು. ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಕುಲುಮೆಯಲ್ಲಿ ಕಾಯಿಸಿದ ಜಿಯೊಲೈಟ್ ಎಂಬ ಸಣ್ಣ ರಂಧ್ರಗಳ ಕಲ್ಲಿನ ಪುಡಿ ಬೆಳಕು ಬಿದ್ದರೆ ಬಣ್ಣವನ್ನು ಒಡೆಯುತ್ತದೆ ಎಂದು ತೋರಿಸಲು, ಅಪ್ಪ ಬಟ್ಟೆಗೆ ಬಣ್ಣ ಹಾಕುವ ತೊಟ್ಟಿಯ ನೀಲಿ ನೀರಿಗೆ ಪುಡಿ ಬೆರೆಸಿ ಒಂದು ಜಾಡಿಯನ್ನು ಬಿಸಿಲಲ್ಲಿ, ಇನ್ನೊಂದನ್ನು ಇಲ್ಲಿ ಇಟ್ಟಿದ್ದಳು. ಕತ್ತಲಲ್ಲೂ ನೀಲಿ ಹೋಗಿದೆಯೆಂದರೆ ಪುಡಿ ಅದನ್ನು ಬರೀ ಹೀರಿಕೊಂಡಿದೆ. ಮೂರು ವರ್ಷದ ಕೆಲಸ ಮಣ್ಣುಪಾಲು.

"ಯಾಕೆ ಮುಖ ಸಪ್ಪಗಿದೆ?" ಬಣ್ಣಗಾರ ಅಪ್ಪ ನೀಲಿಗಟ್ಟಿದ ಬೆರಳು ಒರೆಸಿಕೊಳ್ಳುತ್ತ ಬಂದರು. "ನೀನು ಇದೊಂದನ್ನ ಮರೆತು ಒಳಗೇ ಬಿಟ್ಟಿದ್ದೆ ಕಣಮ್ಮ. ಮೂರು ದಿನ ಆದ್ರೂ ಕಡುನೀಲಿಯಾಗೇ ಇತ್ತು. ಪಾಪ ಅಂತ ನಿನ್ನೆ ನಾನೇ ಬಿಸಿಲಿಗಿಟ್ಟು ಸಂಜೆ ವಾಪಸ್ ತಂದಿಟ್ಟೆ. ತಪ್ಪಾಯ್ತಾ?"

ಅವಳು ಆ ನೀಲಿ ಕೈಗಳೆರಡನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

"ಕತ್ತಲಲ್ಲಿ ಮೂರು ದಿನ ನೀಲಿಯಾಗೇ ಇತ್ತಾ? ಇನ್ನೊಂದ್ಸಲ ಹೇಳಪ್ಪಾ."