ನೀಲವ್ವನ ಪಾಲಿಗೆ ಬಂದ ಪದ

ಇಂಗ್ಲಿಷ್ ಪದಗಳು ಜನರ ಬಾಯಿಂದ ಮರೆಯಾಗತೊಡಗಿದಾಗ ಊರಲ್ಲಿ ಮನೆಗೊಂದು ಪದ ಹಂಚಿದ್ದರು. ದಿನಕ್ಕೊಮ್ಮೆ ಅದರ ಹುಟ್ಟನ್ನು ಒಬ್ಬರಿಗಾದರೂ ಹೇಳಿದರೆ ಆ ಪದ ಉಳಿಯುತ್ತಿತ್ತು. ನೀಲವ್ವನ ಪಾಲಿಗೆ ಬಂದದ್ದು ‘ಕಂಪನಿ’. ಗಂಡ ಇರುವತನಕ ಅವನೇ ಕೇಳುತ್ತಿದ್ದ. ಈಗ ದಿನವೂ ಕಟ್ಟೆಯ ಮೇಲೆ ಕೂತು ಯಾರಾದರೂ ಬರುವುದನ್ನು ಕಾಯಬೇಕು.

ಹೊತ್ತು ಇಳಿಯುವಾಗ ಅದೇ ಓಣಿಯ ಹುಸೇನಬಿ ಮೇವಿನ ಹೊರೆ ಹೊತ್ತು ಬಂದು ನಿಂತಳು.

“ಲಗೂನ ಹೇಳಬೇ ಯಕ್ಕಾ, ಎಮ್ಮಿ ಒದರಾಕತ್ತೈತಿ.”

ನೀಲವ್ವ ರೂಢಿಯಂತೆ ರೊಟ್ಟಿ ಮುರಿದು ಅರ್ಧ ಕೊಟ್ಟಳು. “ಲ್ಯಾಟಿನ್ ಮಂದಿ ತಮ್ಮ ರೊಟ್ಟಿಗಿ ‘ಪಾನಿಸ್’ ಅಂತಿದ್ರು. ‘ಕಾಮ್’ ಅಂದ್ರ ಕೂಡಿ. ಹಿಂಗ ಕೂಡಿ ರೊಟ್ಟಿ ತಿನ್ನವ್ರಿಂದ ಈ ಕಂಪನಿ ಹುಟ್ಟಿತು.”

ಅಷ್ಟೇ. ಹೇಳಲು ಒಂದು ಗಳಿಗೆಯೂ ಹಿಡಿಯುತ್ತಿರಲಿಲ್ಲ.

“ಆತಲ್ಲ, ಇವತ್ತಿಗಿ ನಿನ್ನ ಪದ ಉಳೀತು,” ಎಂದು ಹುಸೇನಬಿ ರೊಟ್ಟಿಯನ್ನು ಉಡಿಯಲ್ಲಿಟ್ಟುಕೊಂಡಳು. “ಹಾದ್ಯಾಗ ತಿಂತೀನಿ.”

“ಇಲ್ಲೇ ತಿನ್ನಬೇಕವಾ. ಒಯ್ದರ ಪದ ನಿಲ್ಲೂದಿಲ್ಲ.”

ಹಾಗೊಂದು ನಿಯಮ ಎಲ್ಲೂ ಇರಲಿಲ್ಲ. ಮೂರು ವರ್ಷದಿಂದ ರೊಟ್ಟಿ ಒಯ್ಯುತ್ತಿದ್ದ ಹುಸೇನಬಿಗೂ ಅದು ಗೊತ್ತಿತ್ತು.

ಅವಳು ನೀಲವ್ವನ ಮುಖವನ್ನೊಮ್ಮೆ ನೋಡಿ, ಹೊರೆ ಇಳಿಸಿ ಕೂತಳು.

“ಪಲ್ಯ ಏನೈತಿ?” ಎಂದಳು.