ಅಡುಗೆಮನೆ ಭಾಷೆಯ ನಾಟಕ

"ಥೂ! ಇದನ್ನ ಬರೆಯೋಕೆ ನಾಚಿಕೆ ಆಗಲಿಲ್ವೇನಯ್ಯಾ?" ನಿರ್ದೇಶಕ ಜಯತೀರ್ಥ ನಾಟಕದ ಪ್ರತಿಯನ್ನು ಗದಿಗೆಪ್ಪನ ಕಾಲ ಬಳಿ ಬಿಸಾಡಿದ.

ಅಮೆರಿಕದ ಫೋರ್ಟ್ ಲೀಯ ಅಪಾರ್ಟ್‌ಮೆಂಟೊಂದರಲ್ಲಿ ರಿಹರ್ಸಲ್‌ಗೆಂದು ಕೂಡಿದ್ದ ಕನ್ನಡ ಸಂಘದವರೆಲ್ಲ ನಕ್ಕರು. ಒಬ್ಬ ಎಂಜಿನಿಯರಂತೂ ಕಣ್ಣೊರೆಸಿಕೊಂಡು ನಕ್ಕ.

ಗದಿಗೆಪ್ಪನ ಕಿವಿ ಕೆಂಪಾದವು. ಧಾರವಾಡದಲ್ಲಿ ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ನರ್ಸ್ ಮಾಲಾಳ ಗಂಡನೆಂದು ವೀಸಾ ಸಿಕ್ಕಿ, ಎಪ್ಪತ್ತಮೂರರಲ್ಲಿ ಇಲ್ಲಿಗೆ ಬಂದು ಮ್ಯಾನ್‌ಹಟನ್ನಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ. ಇವರು ನಗುವುದು ಯಾವುದಕ್ಕೆಂದು ಅವನಿಗೆ ಗೊತ್ತಿತ್ತು.

ನಾಟಕದ ನಾಯಕ ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯ ಮೊದಮೊದಲ ನಾಟಕಕಾರರಲ್ಲೊಬ್ಬ. ಪ್ರಿನ್ಸ್‌ಟನ್ನಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಪಂಚಾಕ್ಷರಯ್ಯ ಅವನ ಕಥೆ ಹೇಳಿದ್ದರು. ದೊಡ್ಡವರೆಲ್ಲ ಡಚ್ಚಿನಲ್ಲಿ ಬರೆಯುತ್ತಿದ್ದಾಗ, 'ಅಡುಗೆಮನೆ ಭಾಷೆ' ಎಂದು ಅವರು ಹೀಗಳೆಯುತ್ತಿದ್ದ ಮಾತನ್ನೇ ಅವನು ರಂಗಕ್ಕೆ ತಂದನಂತೆ. ಕೇಳಿದ ದಿನವೇ ಗದಿಗೆಪ್ಪನ ಎದೆಗೆ ಬೆಂಕಿ ಹತ್ತಿತು. ತನ್ನ ಅವ್ವನ ಮಾತಿನಲ್ಲೇ ಇಡೀ ನಾಟಕ ಬರೆದ. ಅವನ ಅಕ್ಷರ ಕೋಳಿ ಕೆದರಿದಂತೆ. ಸೈಕ್ಲೋಸ್ಟೈಲ್ ಪ್ರತಿ ತೆಗೆಸಲು ಸ್ಟೆನ್ಸಿಲ್ ಮೇಲೆ ದುಂಡಗೆ ಬರೆದುಕೊಟ್ಟವಳು ಮಾಲಾ.

"ಅಡಿಗಿಮನಿ ಮಾತಂತ ನಗತೀರೇನ್ರೀ?" ಗದಿಗೆಪ್ಪ ಎದ್ದು ನಿಂತ. "ನಿಮ್ಮ ಮೈಸೂರು ಪಾಕದಾಗ ಅದ್ದಿ ತಂದಿದ್ರ ಮೆಚ್ಚತಿದ್ರಿ!"

ನಗು ಇನ್ನೂ ಜೋರಾಯಿತು.

"ನಡೀರಿ," ಎಂದಳು ಮಾಲಾ, ಆಗಲೇ ಕೋಟು ತೊಟ್ಟು ಬಾಗಿಲಲ್ಲಿ ನಿಂತು. "ಇವರ ಕೂಡ ಏನ್ ಮಾತು?"

ಇಷ್ಟು ಜನರಲ್ಲಿ ಅವಳೊಬ್ಬಳೇ ತನ್ನವಳು ಅನಿಸಿತು ಅವನಿಗೆ. "ತಡಿ. ಅವ್ವನ ಸೀನ್ ಓದತೀನಿ. ಕೇಳಿ ಆಮ್ಯಾಲೆ ನಗಲಿ."

"ಬ್ಯಾಡ್ರಿ!" ಎಂದು ಕೂಗಿದಳು ಮಾಲಾ.

"ಓದಲಿ ಬಿಡಮ್ಮಾ," ಎಂದ ಜಯತೀರ್ಥ. "ಅವತ್ತು ಪಾರ್ಕಿಂಗ್ ಲಾಟಲ್ಲಿ ಆ ಸೀನ್ ಬಾಯಲ್ಲೇ ಹೇಳಿದ್ದ. ಅದನ್ನ ಕೇಳಿ ತಾನೇ ನಾನು ಈ ನಾಟಕ ಮಾಡಿಸ್ತೀನಿ ಅಂದಿದ್ದು!"

ಗದಿಗೆಪ್ಪ ಪ್ರತಿಯನ್ನು ಎತ್ತಿಕೊಂಡು ಪುಟ ಹುಡುಕಿದ. ಬಂಡಿ ಹತ್ತುವ ಮಗನಿಗೆ ತಾಯಿ ಹೇಳುವ ಮಾತು. 'ಎಪ್ಪಾ, ಒಂದ ತುತ್ತು ಉಂಡ ಹೋಗೋ' ಎಂದು ಬರೆದಿದ್ದ ಅವನು. ಅಲ್ಲಿ ಮಾಲಾಳ ದುಂಡಕ್ಷರದಲ್ಲಿತ್ತು: 'ಪ್ರಿಯ ಪುತ್ರನೇ, ಕಿಂಚಿತ್ ಭೋಜನ ಸ್ವೀಕರಿಸಿ ಹೊರಡು.' ಮುಂದಿನ ಪುಟವೂ ಹಾಗೆಯೇ. ಅದರ ಮುಂದಿನದೂ.

"ನಮ್ಮ ಆಸ್ಪತ್ರಿ ಡಾಕ್ಟರು, ಅವರ ಹೆಂಡಂದ್ರು ಎಲ್ಲಾ ನೋಡಾಕ ಬರ್ತಾರ್ರೀ," ಎಂದಳು ಮಾಲಾ, "ಅವರ ಮುಂದ ನಮ್ಮ ಮಾತು ಹೆಂಗ ಆಡಸೂದು?" ಗದಿಗೆಪ್ಪ ಅವಳನ್ನು ದಾಟಿ ಲಿಫ್ಟಿನತ್ತ ನಡೆದ.